ಬಿಸಿಲಿಗೆ ಹಾಕಿದ ಬಟಾಣಿ

ನವೆಂಬರ್ 11, ಸೋಮವಾರ

ಹೊಸ ಪುಸ್ತಕ ಶುರು ಮಾಡಿದ್ದೇನೆ. ಹಳೆಯದರಲ್ಲಿ ಇನ್ನೂ ಹಾಳೆಗಳಿದ್ದವು. ಆದರೆ ಇವತ್ತಿನ ಸಿಟ್ಟಿಗೆ ಅವು ಸಾಲುವುದಿಲ್ಲ.

ಈ ಪುಸ್ತಕಕ್ಕೆ ಬೀಗ ಬೇಡ, ಬಚ್ಚಿಡುವುದೂ ಬೇಡ. ನಾನು ಹನೂರಿನ ಶಾಲೆಯಲ್ಲಿ ಹತ್ತನೇ ತರಗತಿಯವರೆಗೆ ಕನ್ನಡ ಓದಿ, ಮದುವೆಯಾಗಿ ತಮಿಳುನಾಡಿನ ಪಾಪಿರೆಡ್ಡಿಪಟ್ಟಿ ಕಡೆಗೆ ಬಂದವಳು. ಈ ಮನೆಯ ಗಂಡಸರಿಬ್ಬರೂ ಕನ್ನಡ ಮಾತಾಡುತ್ತಾರೆ, ಓದುವುದು ಮಾತ್ರ ತಮಿಳು. ಫ್ರಿಜ್ಜಿನ ಮೇಲೆ ರಾಜಾರೋಷವಾಗಿ ಇಟ್ಟರೂ ಇದನ್ನು ಓದುವವರು ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಅಲ್ಲೇ ಇಡುತ್ತೇನೆ.

ವಿಷಯ ಇಷ್ಟು. ಮಗ ಅಶ್ವತ್ಥ್ ತನ್ನ ಹೆಂಡತಿಯನ್ನು ಇಲ್ಲಿ ಬಿಟ್ಟು ಸೇಲಂಗೆ ಹೊರಟುಹೋದ. ಶರಣ್ಯಳಿಗೆ ಮೂರನೇ ತಿಂಗಳು, ತಿಂದದ್ದೆಲ್ಲ ವಾಂತಿ. ಅವನಿಗೆ ಸಬ್ಬಕ್ಕಿ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಅವಳಮ್ಮನೂ ಅಲ್ಲೇ ಸೇಲಂನಲ್ಲಿ ಕೆಲಸಕ್ಕೆ ಹೋಗುವವರು. ಹಗಲಲ್ಲಿ ನೋಡಿಕೊಳ್ಳುವವರಿಲ್ಲ. "ಏಳನೇ ತಿಂಗಳ ಶಾಸ್ತ್ರ ಆಗೋಗಂಟ ನೀನೇ ನೋಡ್ಕೋಮ್ಮಾ" ಅಂದ. ನೋಡಿಕೊಳ್ಳೋಣ, ಅದಕ್ಕೇನು. ಬೆಳಿಗ್ಗೆ ಕಿತ್ತ ಬದನೆಕಾಯಿ, ಎಳೇ ಹುರುಳಿಕಾಯಿ ಹಾಕಿ ಸಾರು ಮಾಡಿದೆ. ಒಗ್ಗರಣೆ ಚಟಪಟ ಅಂದದ್ದೇ ತಡ, ಆ ಹುಡುಗಿ ಬಾಯಿಗೆ ಸೆರಗು ಅದುಮಿಕೊಂಡು ಹಿತ್ತಿಲಿಗೆ ಓಡಿದಳು.

ಇಪ್ಪತ್ತು ವರ್ಷದಿಂದ ಅರೂರಿನ ಉಳವರ್ ಸಂದೆಯಲ್ಲಿ, ರೈತರೇ ಕೂತು ಮಾರುವ ಆ ಸರ್ಕಾರಿ ಸಂತೆಯಲ್ಲಿ, ಕುತ್ತಿಗೆಗೆ ಫೋಟೋ ಕಾರ್ಡು ಹಾಕಿಕೊಂಡು ತರಕಾರಿ ಮಾರುತ್ತಿದ್ದೇನೆ. 'ಸಿದ್ದಲಕ್ಷ್ಮಮ್ಮನ ಕಾಯಿ' ಎಂದು ಹುಡುಕಿಕೊಂಡು ಬರುವ ಜನ ಇದ್ದಾರೆ. ನನ್ನ ಸಾರಿನ ವಾಸನೆಗೆ ಓಡಿಹೋದವರು ಇವತ್ತಿನವರೆಗೆ ಒಬ್ಬರೂ ಇರಲಿಲ್ಲ. ಬರೆದಿಡುತ್ತೇನೆ: ಈ ಹುಡುಗಿ ಈ ಮನೆಗೆ ಒಗ್ಗುವವಳಲ್ಲ.

ನವೆಂಬರ್ 15, ಶುಕ್ರವಾರ

ನರ್ಸ್ ಶಶಿಕಲಾ ಬಂದಿದ್ದರು. ಕಂಬೈನಲ್ಲೂರಿನ ಕಡೆಯವರು, ನಮ್ಮ ಹಾಗೆಯೇ ಕನ್ನಡ ಮಾತು. ತೂಕ ನೋಡಬೇಕು ಅಂದರು. ಟೊಮೇಟೊ ಕ್ರೇಟು ತೂಗುವ ಯಂತ್ರವನ್ನು ಒರೆಸಿ ಅಂಗಳದಲ್ಲಿ ಇಟ್ಟೆ. ಹುಡುಗಿ ಚಪ್ಪಲಿ ಬಿಚ್ಚಿ ನಿಂತಳು. ನಲವತ್ತಮೂರು ಕಿಲೋ ಆರುನೂರು ಗ್ರಾಂ. ಮದುವೆಯಲ್ಲಿ ನಲವತ್ತೆಂಟು ಇದ್ದಳಂತೆ.

"ನಲವತ್ತಮೂರರ ಕೆಳಗೆ ಇಳಿದ್ರೆ ಇಲ್ಲಿ ಇಟ್ಕೊಳೋ ಅಂಗಿಲ್ಲ ಅಕ್ಕಾ. ಧರ್ಮಪುರಿ ದೊಡ್ಡಾಸ್ಪತ್ರೇಲಿ ಅಡ್ಮಿಟ್ ಮಾಡಿ ಡ್ರಿಪ್ ಆಕ್ಬೇಕಾಯ್ತದೆ. ಮಗೀಗೂ ಒಳ್ಳೇದಲ್ಲ. ಏನು ನಿಲ್ತದೋ ಅದನ್ನ ಕೊಡಿ, ಇದೇ ತಿನ್ನು ಅಂತ ಅಟ ಮಾಡ್ಬೇಡಿ."

ಹಟ ಮಾಡಿದವರು ಯಾರು? ಬರೀ ತಾಜಾ ತರಕಾರಿ ಹಾಕಿದೆ, ಅಷ್ಟೇ.

ಪ್ರತಿ ಶುಕ್ರವಾರ ನಾನೇ ತೂಗುತ್ತೇನೆ ಅಂದಿದ್ದೇನೆ.

ನವೆಂಬರ್ 16, ಶನಿವಾರ

ಅಶ್ವತ್ಥ್ ಬಂದ. ಹೆಂಡತಿ ಕೇಳಿದ್ದಳೆಂದು ಸೇಲಂನ ಅಂಗಡಿಯಿಂದ ಎರಡು ಪ್ಯಾಕೆಟ್ ಐಸ್ ಬಟಾಣಿ, ಒಂದು ಡಬ್ಬಿ ಸ್ವೀಟ್ ಕಾರ್ನ್ ತಂದಿದ್ದಾನೆ. ಮನೆಯ ಹಿಂದೆ ಅರ್ಧ ಎಕರೆ ಜೋಳ ನಿಂತಿದೆ, ನಮ್ಮ ಮನೆಗೆ ಡಬ್ಬಿಯಲ್ಲಿ ಜೋಳ!

ಡಬ್ಬಿ ತೆಗೆಯುವ ಸಾಧನ ಇರಲಿಲ್ಲ. ಇವರು ಕುಡುಗೋಲು ತಂದು ಹೊಡೆದರು, ಒಳಗಿನ ನೀರು ಅವರ ಮೀಸೆಗೇ ಹಾರಿತು. "ಉಪ್ಪು ಜಾಸ್ತಿ ಐತೆ ಕಣೇ" ಎಂದು ನೆಕ್ಕಿ ಹೇಳಿದರು. ತೊಳೆದು ತಿನ್ನಬೇಕು ಎಂದು ಆ ಹುಡುಗಿ ತೋರಿಸಿಕೊಟ್ಟಳು, ತಾನು ಮಾತ್ರ ಡಬ್ಬಿಯ ವಾಸನೆಗೆ ಮತ್ತೆ ಹಿತ್ತಿಲಿಗೆ ಹೋದಳು. ಜೋಳವನ್ನು ಇವರೇ ತಿಂದರು. ಡಬ್ಬಿ ರಾಗಿ ಅಳೆಯಲು ಆಯಿತು.

ಬಟಾಣಿ ಫ್ರಿಜ್ಜಿಗೆ ಹೋಯಿತು. ಫ್ರಿಜ್ಜು ಮದುವೆಯಲ್ಲಿ ಅವರ ಕಡೆಯವರು ಕೊಟ್ಟದ್ದು. ಇಲ್ಲಿಯವರೆಗೆ ಅದರಲ್ಲಿ ಇದ್ದದ್ದು ಹಸುವಿನ ಔಷಧಿ, ಮಲ್ಲಿಗೆ ಹೂವು.

ನವೆಂಬರ್ 17, ಭಾನುವಾರ

ಪ್ಯಾಕೆಟ್ ಮುಟ್ಟಿ ನೋಡಿದೆ, ಕಲ್ಲು. ಬಸುರಿ ಹೆಂಗಸಿಗೆ ಇಷ್ಟು ತಂಡಿ ಕೊಟ್ಟರೆ ಆಗುತ್ತದೆಯೇ? ತಂಡಿ ಇಳಿಯಲಿ ಎಂದು ಒಂದು ಪ್ಯಾಕೆಟ್ಟಿನ ಬಟಾಣಿಯನ್ನು ಮೊರದಲ್ಲಿ ಹರಡಿ ಅಂಗಳದ ಬಿಸಿಲಿಗೆ ಇಟ್ಟೆ. ಸೊಂಡಿಗೆಗೆ, ಹಪ್ಪಳಕ್ಕೆ ಬಿಸಿಲು ಏನು ಮಾಡುತ್ತದೆಂದು ನನಗೆ ಗೊತ್ತಿದೆ. ಮಧ್ಯಾಹ್ನ ಒಂದು ನಿದ್ದೆ ತೆಗೆದು ಎದ್ದು ನೋಡಿದರೆ ಮೊರ ಖಾಲಿ. ಅಳಿಲೋ ಕೋಳಿಯೋ ಗೊತ್ತಿಲ್ಲ. ಒಂದು ಕಾಳೂ ಬಿಟ್ಟಿಲ್ಲ.

ಒಳಗೆ ಬಂದರೆ ಆ ಹುಡುಗಿ ಫ್ರಿಜ್ಜಿನ ಬಾಗಿಲು ತೆರೆದು ನಿಂತು ಇನ್ನೊಂದು ಪ್ಯಾಕೆಟ್ಟಿನಿಂದ ಹಾಗೇ ಎತ್ತಿ ಕಟಂ ಕಟಂ ಎಂದು ಅಗಿಯುತ್ತಿದ್ದಾಳೆ. ಬೇಯಿಸಿಲ್ಲ, ಉಪ್ಪಿಲ್ಲ, ಐಸಿನ ಸಮೇತ. ಹಲ್ಲು ಜುಂ ಎನ್ನಲಿಲ್ಲವೇ ಎಂದು ಕೇಳಬೇಕೆನಿಸಿತು. ಬಾಗಿಲಲ್ಲೇ ನಿಂತು ಕಾದೆ, ಈಗ ಓಡುತ್ತಾಳೆ, ಆಗ ಓಡುತ್ತಾಳೆ ಎಂದು.

ಓಡಲಿಲ್ಲ.

ನವೆಂಬರ್ 22, ಶುಕ್ರವಾರ

ನಲವತ್ತಮೂರು ಕಿಲೋ ನೂರು.

ನೂರು ಗ್ರಾಂ ಅಂದರೆ ಒಂದು ಹಿಡಿ ಮೆಣಸಿನಕಾಯಿ. ಅಷ್ಟೇ ಉಳಿದಿರುವುದು.

ನವೆಂಬರ್ 23, ಶನಿವಾರ

ಒಂದು ವಾರದಿಂದ ನೋಡುತ್ತಿದ್ದೇನೆ. ಬಿಸಿ ಅನ್ನ ನಿಲ್ಲುವುದಿಲ್ಲ, ತಣ್ಣನೆಯ ಮೊಸರನ್ನ ಅರ್ಧ ನಿಲ್ಲುತ್ತದೆ. ಐಸ್ ಬಟಾಣಿ ಪೂರ್ತಿ ನಿಲ್ಲುತ್ತದೆ. ಕೇಳಿಯೇಬಿಟ್ಟೆ.

"ಅತ್ತೆ, ತಪ್ಪ್ ತಿಳ್ಕೊಬೇಡಿ," ಎಂದಳು. ಕನ್ನಡವನ್ನು ಅರ್ಧ ಅಗಿದು ಅರ್ಧ ತಮಿಳಿನಲ್ಲಿ ನುಂಗುತ್ತಾಳೆ. "ನಿಮ್ಮ ಸಮೈಯಲ್ ನಲ್ಲಾ ಇರುಕ್ಕು. ಬಿಸಿ ಇದ್ರೆ ವಾಸನೆ ಮೇಲ್ ಬರತ್ತೆ, ಅದು ತಾಂಗಲ್ಲ. ತಣ್ಣಗಿದ್ರೆ ವಾಸನೇನೇ ಇಲ್ಲ."

ನನ್ನ ಅಡುಗೆ ಚೆನ್ನಾಗಿದೆಯಂತೆ. ವಾಸನೆ ತಡೆಯಲಾಗುವುದಿಲ್ಲವಂತೆ. ಇದನ್ನು ಮೊದಲೇ ಹೇಳಬಾರದಿತ್ತೇ?

ಸಂಜೆ ಒಲೆಯನ್ನು ದನದ ಕೊಟ್ಟಿಗೆಯ ಆಚೆಗೆ ಸಾಗಿಸಿದೆ. ಒಳಗೆ ಸೆಕೆ ಹೆಚ್ಚಾಗಿತ್ತು, ಬೇರೆ ಕಾರಣವಿಲ್ಲ.

ನವೆಂಬರ್ 26, ಮಂಗಳವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಬೆಳಿಗ್ಗೆ ಇವರು ಬಾವಿಯ ಪಕ್ಕದ ಪಾತಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕುತ್ತಿದ್ದರು. ಮುಖ ಸಪ್ಪಗಿತ್ತು. ಏನಾಯಿತು ಎಂದೆ.

"ಒಂಬತ್ತು ದಿನ ಆಯ್ತು ಕಣೇ. ಒಂದೂ ಮೊಳಕೆ ಒಡೀಲಿಲ್ಲ. ದಿನಾ ನೀರ್ ಆಕಿವ್ನಿ, ಗೊಬ್ರ ಆಕಿವ್ನಿ. ಭೂಮಿ ಕೆಟ್ಟೋಯ್ತಾ ಅಂತ."

"ಏನು ಬಿತ್ತಿದ್ರಿ?"

"ನೀನೇ ನೆನೆಸಿ ಮೊರದಲ್ಲಿ ಆರಾಕಿದ್ದೆಯಲ್ಲ, ಬಟಾಣಿ ಬಿತ್ತನೆ. ಭಾನುವಾರ. ಎಂಥಾ ದಪ್ಪ ಕಾಳು, ಒಂದೇ ಅಳತೆ! ನೀನು ಮಲಗಿದ್ದೆ, ಎಬ್ಬಿಸೋದ್ಯಾಕೆ ಅಂತ ನಾನೇ ಸಾಲಿಡಿದು ಊರಿಬಿಟ್ಟೆ."

ಹಿಂದೆ ಶರಣ್ಯ ನಿಂತಿದ್ದಳು. ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಬಾವಿಕಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದಳು. "ಮಾಮಾ, ಅದು ಫ್ರೀಜ್ ಮಾಡೋಕ್ ಮುಂಚೆ ಬಿಸಿ ನೀರಲ್ಲಿ ಬೇಯಿಸ್ತಾರೆ ಮಾಮಾ! ಪ್ಯಾಕೆಟ್ ಮೇಲೇ ಪೋಟ್ಟಿರುಕ್ಕು, ಬರೆದಿದೆ!"

"ಬೇಯ್ಸಿದ್ದಾ?" ಎಂದರು ಇವರು, ಕೈಯಲ್ಲಿದ್ದ ಕೊಳೆತ ಕಾಳನ್ನೇ ನೋಡುತ್ತ. "ನಲವತ್ತು ವರ್ಸ ಬೇಸಾಯ ಮಾಡಿ ಕೊನೇಗೆ ಪಲ್ಯ ಬಿತ್ತಿದ್ನಾ ನಾನು?"

ನಾನೂ ನಕ್ಕೆ. ನಕ್ಕು ನಕ್ಕು ಕೆಳಗೆ ಕೂತುಬಿಟ್ಟೆ. ಬಂದು ಹದಿನೈದು ದಿನವಾಗಿ ಆ ಹುಡುಗಿ ನಗುವುದನ್ನು ಇವತ್ತೇ ನೋಡಿದ್ದು. ನಕ್ಕರೆ ಒಂದು ಹಲ್ಲಿನ ಮೇಲೆ ಇನ್ನೊಂದು ಹಲ್ಲು ಕಾಣುತ್ತದೆ. ಮಧ್ಯಾಹ್ನ ತಣ್ಣನೆಯ ರಾಗಿ ಅಂಬಲಿ ಒಂದು ಲೋಟ ಕುಡಿದು ಇನ್ನೊಂದು ಕೇಳಿದಳು.

ನವೆಂಬರ್ 29, ಶುಕ್ರವಾರ

ನಲವತ್ತಮೂರು ಕಿಲೋ ಐನೂರು. ಏರಿದೆ!

ಶಶಿಕಲಾಗೆ ಬಟಾಣಿ ವಿಷಯ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬಟಾಣಿಯನ್ನು ಒಂದು ನಿಮಿಷ ಬಿಸಿನೀರಲ್ಲಿ ಮುಳುಗಿಸಿ, ಆರಿಸಿ, ಮತ್ತೆ ತಣ್ಣಗೆ ಮಾಡಿ ಕೊಡಿ, ಹಾಗೇ ಬೇಡ, ಅಂದರು. ಬೆರಳ ತುದಿ ಚುಚ್ಚಿ ರಕ್ತವನ್ನೂ ನೋಡಿದರು.

"ರಕ್ತ ಕಮ್ಮಿ ಐತೆ. ಅಂಥೋರಿಗೆ ಐಸ್ ಕಡೀಬೇಕು ಅನ್ಸೋದುಂಟು ಅಕ್ಕಾ. ಮಾತ್ರೆ ಕೊಡ್ತೀನಿ. ಸೊಪ್ಪು ಒಟ್ಟೆಗೋಗ್ಬೇಕು. ನುಗ್ಗೆ ಸೊಪ್ಪು, ದಂಟು ಸೊಪ್ಪು, ಯಾವುದಾದ್ರೂ."

ಸೊಪ್ಪು ಬೇಯಿಸಿದರೆ ಊರಿಗೇ ವಾಸನೆ ಬರುತ್ತದೆ. ಇದಕ್ಕೆ ಏನು ಮಾಡುವುದು?

ಡಿಸೆಂಬರ್ 2, ಸೋಮವಾರ

ಬಟಾಣಿ ಮುಗಿದಿತ್ತು. ಅಶ್ವತ್ಥ್ ಬರುವುದು ಶನಿವಾರ. ಸಂತೆಯ ದಾರಿಯಲ್ಲಿ ಅರೂರಿನ ಅಂಗಡಿಯಲ್ಲಿ ನಾನೇ ಒಂದು ಪ್ಯಾಕೆಟ್ ಕೊಂಡು, ಯಾರೂ ನೋಡದ ಹಾಗೆ ಬುಟ್ಟಿಯಲ್ಲಿ ಬದನೆಕಾಯಿಯ ಅಡಿಗೆ ತುರುಕಿದೆ. 'ಈಗ ಕಿತ್ತದ್ದು, ಈಗ ಕಿತ್ತದ್ದು' ಎಂದು ಕೂಗುವವಳ ಬುಟ್ಟಿಯಲ್ಲಿ ಐಸ್ ಪ್ಯಾಕೆಟ್! ಕುತ್ತಿಗೆಯಲ್ಲಿ ಫೋಟೋ ಕಾರ್ಡು ಬೇರೆ.

ಬಿಸಿಲು ಏರಿದ ಹಾಗೆ ಬುಟ್ಟಿ ತೊಟ್ಟಿಕ್ಕಲು ಶುರುವಾಯಿತು. ಪಕ್ಕದ ಸಾಲಿನ ಪಳನಿಯಮ್ಮನ ಕಣ್ಣು ಬಹಳ ಚುರುಕು. "ಎನ್ನಕ್ಕಾ, ಕೂಡೆ ಒಳುಗುದು?" ಬುಟ್ಟಿ ಯಾಕೆ ಸೋರುತ್ತಿದೆ ಎಂದು ಕೇಳುತ್ತ ಬದನೆಕಾಯಿ ಸರಿಸಿಯೇಬಿಟ್ಟಳು.

ಮಾನ ಹೋಯಿತು ಎಂದುಕೊಂಡೆ. "ಮರುಮಗಳಾ?" ಎಂದು ಸಣ್ಣಗೆ ಕೇಳಿದಳು, ಸೊಸೆಗಾ ಎಂದು. ತಲೆಯಾಡಿಸಿದೆ. ಅವಳು ಎದ್ದುಹೋಗಿ ಮೀನಿನ ಅಂಗಡಿಯಿಂದ ಒಂದು ಹಿಡಿ ಐಸ್ ಕವರಿನಲ್ಲಿ ಕಟ್ಟಿಸಿ ತಂದು ಪ್ಯಾಕೆಟ್ಟಿನ ಕೆಳಗೆ ಇಟ್ಟಳು. ಮೇಲೆ ನನ್ನದೇ ಬದನೆಕಾಯಿ ಮುಚ್ಚಿದಳು. ಪಳನಿಯಮ್ಮನ ಬಗ್ಗೆ ಹಳೇ ಪುಸ್ತಕದಲ್ಲಿ ಏನೇನೋ ಬರೆದಿದ್ದೇನೆ. ಅದನ್ನೆಲ್ಲ ವಾಪಸ್ ತೆಗೆದುಕೊಳ್ಳುತ್ತೇನೆ.

ಡಿಸೆಂಬರ್ 5, ಗುರುವಾರ

ಒಂದು ವಿಷಯ ಯಾರಿಗೂ ಹೇಳುವುದಿಲ್ಲ. ಇಲ್ಲಿ ಬರೆದರೆ ಯಾರಿಗೂ ಹೇಳಿದಂತಾಗುವುದಿಲ್ಲ.

ಶರಣ್ಯಳಿಗೆಂದು ಮುಳುಗಿಸಿ, ಆರಿಸಿ, ತಣ್ಣಗೆ ಮಾಡಿಟ್ಟ ಬಟಾಣಿಯಲ್ಲಿ ಐದು ಕಾಳು ಬಾಯಿಗೆ ಹಾಕಿಕೊಂಡೆ, ಏನಿದೆ ಅದರಲ್ಲಿ ನೋಡೋಣ ಎಂದು. ಸಿಹಿ. ಇನ್ನೈದು ಹಾಕಿಕೊಂಡೆ. ಅವಳು ಸ್ನಾನಕ್ಕೆ ಹೋದಾಗ ಒಂದು ಹಿಡಿ ತಿಂದೆ. ಫ್ರಿಜ್ಜಿನ ಬಾಗಿಲಿನ ಹಿಂದೆ ನಿಂತು, ಕಳ್ಳಿಯ ಹಾಗೆ. ಇವರು ಬಂದಾಗ ನುಂಗಿ ಕೆಮ್ಮಿದೆ.

ಚೆನ್ನಾಗಿದೆ. ನಮ್ಮ ಹುರುಳಿಕಾಯಿಯಷ್ಟಲ್ಲ. ಆದರೂ ಚೆನ್ನಾಗಿದೆ.

ಡಿಸೆಂಬರ್ 9, ಸೋಮವಾರ

ಹೊಳೆಯಿತು! ಕೊಟ್ಟಿಗೆಯ ಆಚೆ ನುಗ್ಗೆ ಸೊಪ್ಪು ಬೇಯಿಸಿದೆ. ನುಣ್ಣಗೆ ರುಬ್ಬಿ ಬೆಲ್ಲ, ನಿಂಬೆಹಣ್ಣು ಸೇರಿಸಿ ಇಡ್ಲಿ ತಟ್ಟೆಗೆ ಹೊಯ್ದು ಫ್ರಿಜ್ಜಿನೊಳಗೆ ಮೇಲಿನ ಐಸ್ ಪೆಟ್ಟಿಗೆಯಲ್ಲಿ ಇಟ್ಟೆ. ಸಂಜೆಗೆ ಹಸಿರು ಇಡ್ಲಿ, ಕಲ್ಲಿನಷ್ಟು ಗಟ್ಟಿ. ಸೀರೆಗೆ ವಾಸನೆ ಹತ್ತಿರುತ್ತದೆಂದು ಬದಲಿಸಿಕೊಂಡೇ ಒಳಗೆ ಹೋದೆ. ಇವರು, "ಯಾವ ಮದ್ವೆಗೆ ಒಂಟೆ?" ಎಂದು ಅಣಕಿಸಿದರು.

ಶರಣ್ಯ ಮೂಸಿ ನೋಡಿದಳು. ವಾಸನೆ ಇಲ್ಲ. ಕಚ್ಚಿದಳು. ಎರಡು ಇಡ್ಲಿ ಮುಗಿಸಿ, "ಅತ್ತೆ, ಇನ್ನೊಂದು?" ಎಂದಳು.

ನಾನು ಹಿತ್ತಿಲಿಗೆ ಹೋಗಿ ಕಣ್ಣು ಒರೆಸಿಕೊಂಡೆ. ಕೊಟ್ಟಿಗೆಯ ಹೊಗೆ ಕಣ್ಣಿಗೆ ಬಹಳ ಹೊಡೆಯುತ್ತದೆ.

ಡಿಸೆಂಬರ್ 20, ಶುಕ್ರವಾರ

ನಲವತ್ತೈದು ಕಿಲೋ ಇನ್ನೂರು! ಯಂತ್ರ ಕೆಟ್ಟಿದೆಯೇನೋ ಎಂದು ಒಂದು ಕ್ರೇಟು ಟೊಮೇಟೊ ಇಟ್ಟು ನೋಡಿದೆ. ಕೆಟ್ಟಿಲ್ಲ. ಧರ್ಮಪುರಿ ಆಸ್ಪತ್ರೆಯ ಮಾತು ಇನ್ನು ಬೇಡ ಎಂದು ಶಶಿಕಲಾ ಫೋನಿನಲ್ಲಿ ಹೇಳಿದರು. ಪಾಯಸ ಮಾಡಿದೆ, ತಣ್ಣಗೆ.

ಜನವರಿ 6, ಸೋಮವಾರ

ಅವರೆಕಾಯಿ ಸುಗ್ಗಿ. ಅಂಗಳದ ತುಂಬ ರಾಶಿ, ಕೈಯೆಲ್ಲ ಸೊನೆ. ಈ ವರ್ಷ ಒಂದು ಹೊಸ ಯೋಚನೆ ಬಂದಿದೆ. ಮಾರ್ಚಿನಲ್ಲಿ ಶರಣ್ಯ ಅವಳಮ್ಮನ ಮನೆಗೆ ಹೋಗುತ್ತಾಳೆ. ಮಗುವನ್ನೆತ್ತಿಕೊಂಡು ವಾಪಸ್ ಬರುವ ಹೊತ್ತಿಗೆ ಮಳೆಗಾಲ ಮುಗಿಯುತ್ತ ಬಂದಿರುತ್ತದೆ. ಆಗ ಗಿಡದಲ್ಲಿ ಒಂದು ಅವರೆಕಾಯಿಯೂ ಇರುವುದಿಲ್ಲ. ಬಾಣಂತಿ ಎದ್ದು ಬಂದವಳಿಗೆ ಹಿತಕಿದ ಅವರೆಬೇಳೆ ಸಾರು ಇಲ್ಲವೆಂದರೆ ಹೇಗೆ?

ಮೊದಲ ಸಲ ನಾನೇ ಕಾಳು ಸುಲಿದು ಹಾಗೇ ಪೆಟ್ಟಿಗೆಗೆ ತುಂಬಿದ್ದೆ, ಎಲ್ಲ ಒಂದೇ ಗಡ್ಡೆ ಕಟ್ಟಿತು. ಇವತ್ತು ಶರಣ್ಯ ಹೇಳಿಕೊಟ್ಟಳು. ಕುದಿವ ನೀರಲ್ಲಿ ಎರಡು ನಿಮಿಷ, ಆಮೇಲೆ ತಣ್ಣೀರಲ್ಲಿ, ಬಟ್ಟೆಯ ಮೇಲೆ ಒರೆಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಗಟ್ಟಿಯಾದ ಮೇಲೆ ಡಬ್ಬಿಗೆ. ನೆನೆಸಿದ ಕಾಳಿನ ಸಿಪ್ಪೆಯನ್ನು ಅವಳ ಬೆರಳು ಎಷ್ಟು ಬೇಗ ಹಿತುಕುತ್ತದೆ! ಒಂದು ಬೇಳೆ ಹಾರಿ ಇವರ ಕಿವಿಗೆ ತಗುಲಿತು.

ಪ್ರತಿ ಡಬ್ಬಿಯ ಮೇಲೆ ಹೆಸರು, ತಾರೀಖು ಬರೆಯಬೇಕಂತೆ. ಶಶಿಕಲಾ ಬಿಟ್ಟುಹೋದ ಪ್ಲಾಸ್ಟರು ಅಂಟಿಸಿ ಬರೆದೆ. 'ಅವರೆಬೇಳೆ.' 'ನುಗ್ಗೆ ಸೊಪ್ಪು.' 'ಬಟಾಣಿ.' ಕನ್ನಡದಲ್ಲೇ, ಮತ್ತೇನು. "ನಾನ್ ಹೇಗೆ ಓದೋದು ಅತ್ತೆ?" ಎಂದಳು. ಒಂದೊಂದನ್ನೂ ಬೆರಳಿಟ್ಟು ಓದಿ ಹೇಳಿದೆ. ಮತ್ತೆ ಹೇಳಿ ಅಂದಳು. ಬಸುರಿಗೆ ಹೊತ್ತು ಹೋಗಬೇಕಲ್ಲ.

ಜನವರಿ 14, ಮಂಗಳವಾರ

ಪೊಂಗಲ್. ಅಶ್ವತ್ಥ್ ಬಂದಿದ್ದ. ಬರೆಯಲು ಪುರುಸೊತ್ತಿಲ್ಲ.

ಫೆಬ್ರವರಿ 4, ಮಂಗಳವಾರ

ಇವತ್ತು ಶರಣ್ಯ ತಾನಾಗಿಯೇ ಕೊಟ್ಟಿಗೆಯ ಆಚೆ ಬಂದು ಒಲೆಯ ಪಕ್ಕ ಕೂತಳು. ಒಗ್ಗರಣೆ ಸಿಡಿಯುವಾಗ ನಾನು ಸೌಟು ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಮೂಗರಳಿಸಿ, "ಪಸಿಕ್ಕಿದು ಅತ್ತೆ" ಎಂದಳು. ಹಸಿವಾಗುತ್ತಿದೆಯಂತೆ! ಆಗಷ್ಟೇ ಕಿತ್ತ ಅವರೆಕಾಯಿಯ ಸಾರು, ಬಿಸಿ ರಾಗಿ ಮುದ್ದೆ. ಒಂದೂವರೆ ಮುದ್ದೆ ತಿಂದು ಬೆರಳು ನೆಕ್ಕಿದಳು. ಮೂರು ತಿಂಗಳು ಕಾದದ್ದಕ್ಕೆ ಇಷ್ಟು ಸಾಕು.

ಒಲೆಯನ್ನು ಒಳಗೆ ತರೋಣವೇ ಎಂದು ಇವರು ಕೇಳಿದರು. ಬೇಡ, ಯಾಕೆ ಸುಮ್ಮನೆ, ಇನ್ನೊಂದು ತಿಂಗಳು ಇರಲಿ ಅಂದೆ.

ಈ ಪುಸ್ತಕ ಫ್ರಿಜ್ಜಿನ ಮೇಲೆ ತಲೆಕೆಳಗಾಗಿ ಇತ್ತು. ಗಾಳಿ ಇರಬೇಕು.

ಫೆಬ್ರವರಿ 21, ಶುಕ್ರವಾರ

ಐವತ್ತು ಕಿಲೋ ನಾನೂರು. ಕ್ರೇಟು ಯಂತ್ರದ ಮೇಲೆ ನಿಲ್ಲಲು ಈಗ ನನ್ನ ಹೆಗಲು ಹಿಡಿಯುತ್ತಾಳೆ.

ಫ್ರಿಜ್ಜಿನ ಮೇಲಿನ ಪೆಟ್ಟಿಗೆಯಲ್ಲಿ ಜಾಗವೇ ಇಲ್ಲ, ಹನ್ನೊಂದು ಡಬ್ಬಿ ಅವರೆಬೇಳೆ. ಕೆಳಗೂ ಡಬ್ಬಿಗಳೇ. ಹಸುವಿನ ಔಷಧಿಯನ್ನು ಹಸುವಿನ ಡಾಕ್ಟರ ಫ್ರಿಜ್ಜಿಗೇ ವಾಪಸ್ ಕಳಿಸಿದೆ. ಇವರಿಗೆ ಕೋಪ. "ಈ ಡಬ್ಬಿ ತೆಗೆದ್ರೆ ಕೈ ಮುರೀತೀನಿ" ಎಂದು ಹೇಳಿಟ್ಟಿದ್ದೇನೆ.

ಸಂತೆಯಲ್ಲಿ ಪಳನಿಯಮ್ಮ, ತಾಜಾ ಒಳ್ಳೆಯದೋ ಐಸ್ ಒಳ್ಳೆಯದೋ ಎಂದು ಕೆಣಕಿದಳು. ಗಿಡದಲ್ಲಿ ಇರುವಾಗ ಗಿಡದ್ದು, ಇಲ್ಲದ ಕಾಲಕ್ಕೆ ಐಸಿನದ್ದು, ಎರಡೂ ಕೈಗೆ ಸಿಗದ ದಿನಕ್ಕೆ ತೊಳೆದ ಡಬ್ಬಿಯದ್ದು ಎಂದು ಅರ್ಧ ಗಂಟೆ ಪಾಠ ಮಾಡಿದೆ. ಇದೆಲ್ಲ ನನಗೆ ಮೊದಲಿನಿಂದಲೂ ಗೊತ್ತಿದ್ದದ್ದೇ.

ಮಾರ್ಚ್ 9, ಭಾನುವಾರ

ಏಳನೇ ತಿಂಗಳ ಶಾಸ್ತ್ರ ಆಯಿತು. ಎರಡು ಕೈಗೂ ಮೊಣಕೈವರೆಗೆ ಬಳೆ ತೊಡಿಸಿದೆವು. ಹೋಗುವಾಗ ಕಾರಿನಲ್ಲಿ ಕೂತವಳು ಮತ್ತೆ ಇಳಿದು ಒಳಗೆ ಹೋದಳು, ಏನೋ ಮರೆತೆ ಎಂದು. ಬಳೆಗಳ ಸದ್ದು ಅಡುಗೆಮನೆಯವರೆಗೆ ಹೋಗಿ ವಾಪಸ್ ಬಂತು. ನನ್ನ ಕಾಲಿಗೆ ಬಗ್ಗಲು ಹೋದಳು, ಹೊಟ್ಟೆ ಅಡ್ಡ ಬಂತು. ನಾನೇ ಹಿಡಿದು ನಿಲ್ಲಿಸಿದೆ.

ಸಂಜೆ ಅಭ್ಯಾಸಬಲದಿಂದ ಕೊಟ್ಟಿಗೆಯ ಆಚೆಗೇ ಹೋಗಿ ಒಲೆ ಹಚ್ಚಿದೆ. ಸೀರೆಯನ್ನೂ ಬದಲಿಸಿದೆ. ಒಳಗೆ ಬಂದ ಮೇಲೆ ನೆನಪಾಯಿತು, ಮೂಸಿ ನೋಡುವವರು ಯಾರೂ ಇಲ್ಲ. ನಮ್ಮ ಹುಡುಗಿ ಇಲ್ಲದೆ ಮನೆ ಬಿಕೋ ಎನ್ನುತ್ತಿದೆ.

ಮಾರ್ಚ್ 10, ಸೋಮವಾರ

ಬೆಳಿಗ್ಗೆ ಸಂತೆಗೆ ಹೋಗಲಿಲ್ಲ. ಡಬ್ಬಿಗಳನ್ನು ಎಣಿಸೋಣ ಎಂದು ಫ್ರಿಜ್ಜು ತೆರೆದೆ. ಮೇಲಿನ ಪೆಟ್ಟಿಗೆಯಲ್ಲಿ ಹನ್ನೊಂದು ಇರಬೇಕು, ಹನ್ನೆರಡು ಇದ್ದವು. ಎಲ್ಲಕ್ಕಿಂತ ಮುಂದೆ ಒಂದು ಚಿಕ್ಕ ಡಬ್ಬಿ, ಮೇಲೆ ಪ್ಲಾಸ್ಟರು. ಬರಹ ನನ್ನದಲ್ಲ. ಅಕ್ಷರಗಳು ದಪ್ಪ ದಪ್ಪ, ಒಂದು ಮೇಲೆ ಒಂದು ಕೆಳಗೆ, ಒಂದನೇ ಕ್ಲಾಸಿನ ಮಕ್ಕಳು ಬರೆಯುವ ಹಾಗೆ. ಕನ್ನಡ.

'ಬಟಾಣಿ. ಅತ್ತೆಗೆ. ಇನ್ನು ಕದ್ದು ತಿನ್ನಬೇಡಿ.'

ಮೊದಲು ನಗು ಬಂತು. ಆಮೇಲೆ ಕೈಯಲ್ಲಿ ಡಬ್ಬಿ ಹಿಡಿದ ಹಾಗೇ ನಿಂತುಬಿಟ್ಟೆ. ಕದ್ದು ತಿಂದದ್ದನ್ನು ನಾನು ಯಾರಿಗೂ ಹೇಳಿಲ್ಲ. ಇಲ್ಲಿ ಮಾತ್ರ ಬರೆದಿದ್ದೆ.

ಪುಸ್ತಕ ತೆಗೆದು ಮೊದಲ ಹಾಳೆಗೆ ಹೋದೆ. 'ಈ ಹುಡುಗಿ ಈ ಮನೆಗೆ ಒಗ್ಗುವವಳಲ್ಲ.' ನನ್ನದೇ ಕೈಬರಹ, ಎಷ್ಟು ಅಂದವಾಗಿದೆ. ಅದನ್ನೂ ಓದಿದ್ದಾಳೆ. ಒಂದೊಂದೇ ಅಕ್ಷರ ಕೂಡಿಸಿಕೊಂಡು, ಡಬ್ಬಿಗಳನ್ನು ನೋಡಿ ನೋಡಿ, ಉಳಿದದ್ದನ್ನು ಫೋನಿನಲ್ಲೋ ಎಲ್ಲೋ ಹುಡುಕಿ ಕಲಿತು ಓದಿದ್ದಾಳೆ. ಓದಿದ ಮೇಲೂ ನನ್ನ ಪಕ್ಕದಲ್ಲಿ ಕೂತು ಅವರೆಕಾಳು ಹಿತುಕಿದ್ದಾಳೆ, ನನ್ನ ಹೆಗಲು ಹಿಡಿದು ತೂಕಕ್ಕೆ ನಿಂತಿದ್ದಾಳೆ. ನಾಚಿಕೆಯಿಂದ ಮುಖ ಬಿಸಿಯಾಯಿತು.

ಆ ಹಾಳೆಯನ್ನು ಹರಿಯಲು ಬೆರಳು ಇಟ್ಟೆ. ಹರಿಯಲಿಲ್ಲ. ಅದರ ಕೆಳಗೆ ಜಾಗವಿತ್ತು. ಅವಳಿಗೆ ಓದಲು ಸುಲಭವಾಗಲಿ ಎಂದು ದೊಡ್ಡ ದೊಡ್ಡ ಅಕ್ಷರದಲ್ಲಿ, ಬಿಡಿಸಿ ಬಿಡಿಸಿ ಬರೆದೆ: 'ಶರಣ್ಯಾ, ಇದು ಸುಳ್ಳು. ಬೇಗ ಬಾ. ಅವರೆಬೇಳೆ ಹನ್ನೊಂದು ಡಬ್ಬಿ ಇದೆ.'

ಪುಸ್ತಕವನ್ನು ಫ್ರಿಜ್ಜಿನ ಮೇಲೆ, ಇದ್ದಲ್ಲಿಯೇ ಇಡುತ್ತೇನೆ.

ಇವರು ಒಳಗೆ ಬಂದು, "ಏನೇ ಅದು ಕಟಂ ಕಟಂ ಸದ್ದು?" ಎಂದು ಕೇಳುತ್ತಿದ್ದಾರೆ. ಒಂದು ಹಿಡಿ ಅವರ ಕೈಗೂ ಹಾಕಿದೆ. ಬಿತ್ತಬೇಡಿ, ತಿನ್ನಿ ಅಂದೆ.